ಇಪ್ಪತ್ತೆಂಟು ಅಡಿ ಜಗಲಿ: ಬಂದರು ರಸ್ತೆಯ ಒಂದು ಕಲಾ ಗ್ಯಾಲರಿಯ ಪ್ರಕರಣ

ಮಂಗಳೂರಿನ ಹಳೆ ಬಂದರಿನ ಕಡೆಗೆ ಇಳಿಯುವ ರಸ್ತೆಗಳಲ್ಲಿ ಒಂದರಲ್ಲಿ, ಹಿಂದೆ ಅಕ್ಕಿ ಮತ್ತು ಮೆಣಸಿನ ಗೋದಾಮಾಗಿದ್ದ ಹೆಂಚಿನ ಕಟ್ಟಡದಲ್ಲಿ, ಮೂವರು ಸೇರಿ ಒಂದು ಗ್ಯಾಲರಿ ತೆರೆದೆವು. ಅದರ ಮೊದಲ ಮೂರು ವರ್ಷಗಳಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗ್ಯಾಲರಿಯ ಹೆಸರನ್ನೂ ಬೀದಿಯ ಹೆಸರನ್ನೂ ಹೇಳುವುದಿಲ್ಲ. ಜನರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ನಾವು ಯಾವಾಗ ಏನು ನಿರ್ಧರಿಸಿದೆವು, ಯಾಕೆ ನಿರ್ಧರಿಸಿದೆವು ಎಂಬುದನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ. ಉಡುಪಿ, ಕುಂದಾಪುರದ ಕಡೆಯಿಂದ ಇಂಥದ್ದೇ ಜಾಗ ಕಟ್ಟಬೇಕೆಂದು ಕೇಳಿಕೊಂಡು ಬರುವ ಕಿರಿಯರಿಗೆ ಪ್ರತಿ ಸಲವೂ ಬಾಯಲ್ಲಿ ಹೇಳುವಾಗ ಮುಖ್ಯವಾದದ್ದು ಬಿಟ್ಟುಹೋಗುತ್ತಿದೆ ಅನ್ನಿಸಿತು. ಅದಕ್ಕಾಗಿ ಈ ಬರಹ.

ಕಟ್ಟಡ ಮತ್ತು ಮೂವರು

ಕಟ್ಟಡದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಈ ಪ್ರಕರಣದ ಬೇರು ಅಲ್ಲಿಯೇ ಇದೆ. ಎರಡಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಮೇಲೆ ಮರದ ಪಕ್ಕಾಸು, ರೀಪು, ಹೆಂಚಿನ ಮಾಡು, ಅಂದರೆ ಚಾವಣಿ. ರಿಪೇರಿಗೆಂದು ಅದನ್ನು ಇಳಿಸಿದಾಗ ಹೆಂಚುಗಳ ಹಿಂಬದಿಯಲ್ಲಿ ಮೂರು ನಾಲ್ಕು ಬೇರೆ ಬೇರೆ ಕಾರ್ಖಾನೆಗಳ ಮುದ್ರೆ ಸಿಕ್ಕಿತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಯ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣನ್ನು ನಂಬಿ ಈ ಊರಿನಲ್ಲಿ ಒಂದಾದ ಮೇಲೊಂದು ಕಾರ್ಖಾನೆಗಳು ಬಂದವು. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿನ ತೋಡಿನಂಥ ಗೀರಿನಲ್ಲಿ ಕೂರುತ್ತದೆ. ನಡುವೆ ಒಂದು ಒಡೆದರೆ ಉಳಿದವನ್ನು ಕದಲಿಸದೆ ಅದೊಂದನ್ನೇ ಬದಲಿಸಬಹುದು. ಸಂದುಗಳಲ್ಲಿ ಗಾಳಿಯಾಡುತ್ತದೆ. ಆದ್ದರಿಂದಲೇ ಏಪ್ರಿಲ್ ತಿಂಗಳ ಸೆಕೆಯಲ್ಲೂ ಆ ಗೋದಾಮಿನೊಳಗೆ ನಿಲ್ಲಬಹುದಾಗಿತ್ತು.

ಎದುರಿಗೆ, ರಸ್ತೆಗೆ ತಾಗಿ, ಸೂರಿನ ಕೆಳಗೆ ಒಂದು ಜಗಲಿ. ಉದ್ದ 28 ಅಡಿ, ಅಗಲ 4 ಅಡಿ, ಎತ್ತರ ಮೊಣಕಾಲಿನಷ್ಟು. ನಕ್ಷೆಯಲ್ಲಿ ಅದನ್ನು ನಾವು 'ಪ್ರವೇಶ' ಎಂದು ಬರೆದಿದ್ದೆವು.

ಮೂವರಲ್ಲಿ ಒಬ್ಬರು ವಾಸ್ತುಶಿಲ್ಪಿ, ಹಳೆ ಮನೆಗಳ ದುರಸ್ತಿಯಲ್ಲಿ ಪಳಗಿದ ಹೆಣ್ಣುಮಗಳು. ಇನ್ನೊಬ್ಬರು ಚಿತ್ರಕಾರರು. ಮೂರನೆಯವಳು ನಾನು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು. ಹಣ ನಮ್ಮ ಉಳಿತಾಯದ್ದು. ಕರಾವಳಿಗೆ ಚಿತ್ರ ನೋಡುವ ಅಭ್ಯಾಸವಿಲ್ಲ ಎಂದು ಹೇಳುವವರ ಮಾತು ನಮಗೆ ಹಿಡಿಸುತ್ತಿರಲಿಲ್ಲ. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮುಚ್ಚಿಗೆಗಳಿಗೆ ಇಟಲಿಯ ಜೆಸ್ಯುಟ್ ಕ್ರೈಸ್ತ ಸಂನ್ಯಾಸಿ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಬಣ್ಣ ಹಚ್ಚತೊಡಗಿದಾಗಿನಿಂದ ಇವತ್ತಿನವರೆಗೂ ಎಷ್ಟೋ ತಲೆಮಾರು ತಲೆಯೆತ್ತಿ ನೋಡಿದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖೆಯಲ್ಲಿ ಈ ನೆಲದ ಕುಣಿತವಿದೆ, ಬದುಕು ಕಟ್ಟಿಕೊಂಡದ್ದು ಮುಂಬಯಿಯಲ್ಲಾದರೂ. ಇಲ್ಲಿ ಕೊರತೆಯಿದ್ದದ್ದು ಬೇರೆಯದಕ್ಕೆ: ಕಣ್ಣೆದುರಿಗೇ ಬದಲಾಗುತ್ತಿರುವ ಊರನ್ನು, ಉರುಳುತ್ತಿರುವ ಗುತ್ತಿನ ಮನೆಗಳನ್ನು (ಹಳೆ ಭೂಮಾಲೀಕ ಮನೆತನಗಳ ದೊಡ್ಡ ಮನೆಗಳನ್ನು), ಕಿರಿದಾಗುತ್ತಿರುವ ಕಾಲುದಾರಿಯನ್ನು ಒಟ್ಟಿಗೆ ನಿಂತು ನೋಡುವ ಒಂದು ಚಾವಡಿಗೆ. ಚಿತ್ರ, ಕಟ್ಟಡ, ಬೀದಿ ಮೂರನ್ನೂ ಬೇರ್ಪಡಿಸದೆ ನೋಡುವ ಜಾಗವಾಗಬೇಕು ಎಂಬ ಆಸೆ ನಮ್ಮದು. ಆ ಆಸೆಯ ಬಗ್ಗೆ ಈಗಲೂ ನನಗೆ ಸಂಶಯವಿಲ್ಲ.

ಹತ್ತು ನಿಮಿಷದ ನಿರ್ಧಾರ

ಮಾಡಿನ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಯಾವ ಮರ, ಯಾವ ಸುಣ್ಣ, ಹಳೆ ಹೆಂಚಿನ ನಡುವೆ ಗಾಜಿನ ಹೆಂಚು ಎಷ್ಟು ಎಂದು ವಾರಗಟ್ಟಲೆ ಚರ್ಚಿಸಿದೆವು. ಜಗಲಿಗೆ ಕಬ್ಬಿಣದ ಗ್ರಿಲ್ ಹಾಕುವ ಬಗ್ಗೆ ಮಾತ್ರ ಹತ್ತು ನಿಮಿಷವೂ ಮಾತಾಡಲಿಲ್ಲ. ನಾಯಿಗಳು ಮಲಗುತ್ತವೆ, ಯಾರಾದರೂ ಎಲೆಯಡಿಕೆ ಉಗುಳುತ್ತಾರೆ, ಒಳಗೆ ಬೆಲೆಬಾಳುವ ಕೃತಿಗಳಿರುತ್ತವೆ. ಗ್ರಿಲ್ ಬಂತು, ಅದಕ್ಕೊಂದು ಗೇಟು ಬಂತು, ಗ್ರಿಲ್ಲಿನ ಒಳಗೆ ಹೂವಿನ ಕುಂಡಗಳು ಬಂದವು. ಒಳಗಿನ ನೆಲಕ್ಕೆ ಕೆಂಪು ಕಾವಿ ಹಾಕಿಸಿ, ಮುಖ ಕಾಣುವಷ್ಟು ಉಜ್ಜಿಸಿದೆವು.

ಮೊದಲ ಪ್ರದರ್ಶನದ ವಿಷಯ ನಗರದ ಸಾರ್ವಜನಿಕ ಸ್ಥಳಗಳು. ನೆಹರೂ ಮೈದಾನ, ರಥಬೀದಿ, ಧಕ್ಕೆ (ದೋಣಿಗಳು ಬಂದು ನಿಲ್ಲುವ ಕಟ್ಟೆ), ಬಸ್ ನಿಲ್ದಾಣಗಳು, ಅಶ್ವತ್ಥಕಟ್ಟೆಗಳು. ಹಂಪನಕಟ್ಟೆ ಎಂಬ ಹೆಸರಿನಲ್ಲಿ ಕಟ್ಟೆ ಇದೆ, ಆದರೆ ಇವತ್ತು ಅಲ್ಲಿ ಕುಳಿತುಕೊಳ್ಳಲು ಹೋದವನು ಎಲ್ಲಿ ಕೂರಬೇಕು ಎಂದು ಕೇಳುವ ಒಂದು ಫಲಕವಿತ್ತು. ಅದನ್ನು ಬರೆದದ್ದು ನಾನೇ. ಉದ್ಘಾಟನೆಗೆ ನೂರಕ್ಕೂ ಹೆಚ್ಚು ಮಂದಿ ಬಂದರು, ಪತ್ರಿಕೆಯಲ್ಲಿ ಸುದ್ದಿಯಾಯಿತು. ಮರುದಿನದಿಂದ ದಿನಕ್ಕೆ ನಾಲ್ಕೈದು ಜನ. ಸಂದರ್ಶಕರ ಪುಸ್ತಕದಲ್ಲಿ ಕದ್ರಿ, ಬಿಜೈ, ಮಣಿಪಾಲ, ಒಮ್ಮೊಮ್ಮೆ ಬೆಂಗಳೂರು. ನಮ್ಮದೇ ಬೀದಿಯ ವಿಳಾಸ ಒಂದೂ ಇರಲಿಲ್ಲ. ಎದುರಿನ ಹಗ್ಗದ ಅಂಗಡಿಯವರು, ಮೂಟೆ ಹೊರುವ ಹಮಾಲಿಗಳು, ಚಹಾದಂಗಡಿಯ ಅಕ್ಕ, ಲಾರಿ ಚಾಲಕರು, ಒಬ್ಬರೂ ಗೇಟು ದಾಟಲಿಲ್ಲ.

ಇದೇ ನಮ್ಮ ಸಮಸ್ಯೆ. ಅದರ ಕಾರಣವನ್ನು ನಾವು ಬಹಳ ದಿನ ತಪ್ಪು ಕಡೆ ಹುಡುಕಿದೆವು.

ಮಾಡಿ ನೋಡಿದ್ದು

ಭಾಷೆಯ ತೊಡಕಿರಬಹುದು ಎಂದುಕೊಂಡು ಫಲಕಗಳನ್ನು ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ, ಎಲ್ಲವನ್ನೂ ಕನ್ನಡ ಲಿಪಿಯಲ್ಲೇ, ಬರೆಸಿದೆವು. ಒಳ್ಳೆಯ ಕೆಲಸವೇ, ಈಗಲೂ ಮಾಡುತ್ತೇವೆ, ಆದರೆ ಅದರಿಂದ ಬೀದಿಯವರು ಬರಲಿಲ್ಲ. 'ಪ್ರವೇಶ ಉಚಿತ' ಎಂದು ದೊಡ್ಡದಾಗಿ ಬರೆಸಿದೆವು. ಅಂಗಡಿ ಅಂಗಡಿಗೆ ಹೋಗಿ ಆಮಂತ್ರಣ ಕೊಟ್ಟೆವು. ಸಂಜೆ ಚಹಾ ಇಟ್ಟೆವು. ಒಮ್ಮೆ ಚಿತ್ರಕಾರರು ಹಮಾಲಿಗಳ ಗುಂಪಿನ ಬಳಿ ಹೋಗಿ ಕರೆದರು. ಕರೆದವರ ಮರ್ಯಾದೆಗೆಂದು ನಾಲ್ವರು ಬಂದರು. ಮಳೆ ಬಿದ್ದಿತ್ತು, ಕಾಲಲ್ಲಿ ಕೆಸರು. ಹೊಳೆಯುವ ನೆಲದ ಅಂಚಿನಲ್ಲಿ ನಿಂತು "ಚಪ್ಪಲಿ ಎಲ್ಲಿ ಬಿಡಬೇಕು?" ಎಂದು ಕೇಳಿದರು. ಹಾಗೆಯೇ ಬನ್ನಿ ಎಂದರೂ ಕೇಳಲಿಲ್ಲ. ಚಪ್ಪಲಿ ಬಿಟ್ಟರು, ಒದ್ದೆ ಕಾಲಿನ ಗುರುತು ನೆಲದ ಮೇಲೆ ಬಿದ್ದದ್ದು ನೋಡಿದರು, ಇನ್ನೊಮ್ಮೆ ಬರುತ್ತೇವೆ ಎಂದು ಹೊರಟುಹೋದರು. ಆ ನೆಲವನ್ನು ಉಜ್ಜಿಸುವಾಗ ಯಾರ ಪಾದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆವು ಎಂದು ಆ ದಿನ ನನಗೆ ಕೇಳಿಕೊಳ್ಳಬೇಕಾಯಿತು.

ತಿರುವು ಬಂದದ್ದು ಬೇರೆಯೇ ಕೆಲಸದ ನಡುವೆ. ವಾಸ್ತುಶಿಲ್ಪದ ಕೆಲವು ವಿದ್ಯಾರ್ಥಿಗಳು ನಮ್ಮ ಬೀದಿಯನ್ನು ಅಳೆದು ನಕ್ಷೆ ಬರೆಯುತ್ತಿದ್ದರು. 'ಈ ಬೀದಿಯಲ್ಲಿ ಎಲ್ಲೆಲ್ಲಿ ಕುಳಿತುಕೊಳ್ಳಬಹುದು?' ಎಂಬುದೇ ನಕ್ಷೆಯ ವಿಷಯ. ಅಂಗಡಿಗಳ ಮೆಟ್ಟಿಲು, ಮರದ ಬುಡ, ಮುರಿದ ಪಾಗಾರ ಎಲ್ಲವನ್ನೂ ಗುರುತು ಹಾಕಿದ್ದರು. ಎಲ್ಲರೂ 'ಕಾಕ' ಎಂದು ಕರೆಯುವ ಹಿರಿಯ ಹಮಾಲಿಯೊಬ್ಬರು ಬಂದು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಟ್ಟಡದ ಮೇಲೆ ಬೆರಳಿಟ್ಟು ಕೇಳಿದರು:

"ಮಕ್ಕಳೇ, ಇದನ್ನು ಯಾಕೆ ಬಿಟ್ಟಿದ್ದೀರಿ? ನಾವು ಇಷ್ಟು ವರ್ಷ ಕುಳಿತದ್ದು ಇಲ್ಲೇ ಅಲ್ಲವೇ?"

ವಿದ್ಯಾರ್ಥಿಗಳು ತಬ್ಬಿಬ್ಬಾದರು. ಅದು ಗ್ಯಾಲರಿ, ಆದ್ದರಿಂದ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಕಾಕ ಹೇಳುತ್ತಾ ಹೋದರು. ಧಕ್ಕೆಯಿಂದ ಮೇಲಿನ ಗೋದಾಮುಗಳಿಗೆ ತಲೆಹೊರೆಯಲ್ಲಿ ಹೋಗುವಾಗ ಈ ತಿರುವು ಅರ್ಧ ದಾರಿ. ಇಲ್ಲಿಯೇ, ಜಗಲಿಯ ಮೂಲೆಯಲ್ಲಿ, ಬಗ್ಗದೆ ಹೊರೆ ಇಳಿಸಲು ಎದೆಮಟ್ಟದ ಒಂದು ಕಲ್ಲಿತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು, ಜಗಲಿ ಉಳಿಯಿತು. ಮಧ್ಯಾಹ್ನದ ಬುತ್ತಿ ಅಲ್ಲಿ, ಜೂನ್ ತಿಂಗಳ ಮಳೆ ಹೊಡೆದಾಗ ನಿಲ್ಲುವುದು ಅಲ್ಲಿ. ಲಕ್ಷದ್ವೀಪಕ್ಕೆ ಹೋಗುವ ಸರಕಿನ ದೋಣಿ ತಡವಾದರೆ ಕಾಯುವುದೂ ಅಲ್ಲಿ.

"ಈಗ ಎಲ್ಲಿ ಊಟ ಮಾಡುತ್ತೀರಿ ಕಾಕ?" ಎಂದು ನಾನು ಕೇಳಿದೆ.

"ಲಾರಿಯ ಕೆಳಗೆ ನೆರಳಿದೆಯಲ್ಲ ಮೇಡಂ" ಎಂದರು. ದೂರು ಹೇಳುವ ದನಿಯಲ್ಲಿ ಅಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವ ದನಿಯಲ್ಲಿ.

ಸಾರ್ವಜನಿಕ ಸ್ಥಳ ಕಣ್ಮರೆಯಾಗುತ್ತಿದೆ ಎಂದು ಒಳಗೆ ಚಿತ್ರ ತೂಗುಹಾಕಿದ ನಾವೇ ಆ ಬೀದಿಯ ಅತಿ ಹಳೆಯ ಸಾರ್ವಜನಿಕ ಸ್ಥಳಕ್ಕೆ ಬೀಗ ಹಾಕಿದ್ದೆವು. ಕಾಗದದ ಮೇಲೆ ಆ ಜಗಲಿ ಮಾಲೀಕರದ್ದು, ಬಾಡಿಗೆ ಕೊಟ್ಟ ಮೇಲೆ ನಮ್ಮದು. ಬಳಕೆಯಲ್ಲಿ ಅದು ಬೀದಿಯದು. ಕರಾವಳಿಯ ಹಳೆ ಕಟ್ಟಡಗಳಲ್ಲಿ ಇಂಥ ಜಾಗಗಳು ಎಷ್ಟೋ ಇವೆ: ಸೂರಿನ ನೀರು ಬೀಳುವ ಗೆರೆಯವರೆಗೆ ಮನೆಯವರದ್ದು, ಆದರೂ ದಾರಿಹೋಕನನ್ನು ಎಬ್ಬಿಸುವವರಿಲ್ಲ. ದಾಖಲೆಯಲ್ಲಿ ಇಲ್ಲದ ಈ ಹಕ್ಕನ್ನು ಗ್ರಿಲ್ ಒಂದೇ ದಿನದಲ್ಲಿ ಅಳಿಸಿಹಾಕುತ್ತದೆ.

ಗ್ರಿಲ್ ತೆಗೆಯುವ ವಾದ

ಮೂರು ಸಂಜೆ ವಾದ ನಡೆಯಿತು. ಚಿತ್ರಕಾರರು ಮರುದಿನವೇ ತೆಗೆಸಬೇಕೆಂದರು. ವಾಸ್ತುಶಿಲ್ಪಿ ಒಪ್ಪಲಿಲ್ಲ. ಅವರ ಕಾರಣಗಳು ಹಗುರವಾಗಿರಲಿಲ್ಲ. ಎರವಲು ತಂದ ಕೃತಿಗಳಿಗೆ ನಾವು ಜವಾಬ್ದಾರರು. ರಾತ್ರಿ ಏಳರ ಮೇಲೆ ಬಾಗಿಲು ಹಾಕುವವರು ಹೆಚ್ಚಿನ ದಿನ ನಾವಿಬ್ಬರು ಹೆಂಗಸರೇ. ಗ್ರಿಲ್ಲಿಗೆ ಕಟ್ಟಿದ ತಗಡಿನ ಮರೆಯಿಂದಲೇ ಮಳೆಯ ಎರಚಲು ಒಳಗೆ ಬರುವುದು ಕಡಿಮೆಯಾಗಿದೆ. ನಾನು ಮೊದಲ ಎರಡು ದಿನ ಅವರ ಪಕ್ಷದಲ್ಲಿದ್ದೆ. ಮೂರನೆಯ ದಿನ ಮಧ್ಯಾಹ್ನ ಆ ರಸ್ತೆಯಲ್ಲಿ ನಡೆದು ಬರುವಾಗ ಕಾಕ ಮತ್ತು ಬಾಗಲಕೋಟೆ ಕಡೆಯ ಇಬ್ಬರು ಹುಡುಗರು ನಿಂತ ಲಾರಿಯ ಚಕ್ರಕ್ಕೆ ಒರಗಿ ಬುತ್ತಿ ಬಿಚ್ಚಿದ್ದನ್ನು ಕಣ್ಣಾರೆ ಕಂಡೆ. ಸಂಜೆ ನನ್ನ ಮತ ಬದಲಾಗಿತ್ತು. ಒಳಬಾಗಿಲನ್ನು ಗಟ್ಟಿ ಮಾಡಿ ಗ್ರಿಲ್ ತೆಗೆಯುವುದೆಂದು, ಮಳೆಗಾಲಕ್ಕೆ ಮುಂಚೆ ಮತ್ತೆ ಕುಳಿತು ಮಾತಾಡುವುದೆಂದು ತೀರ್ಮಾನವಾಯಿತು.

ಗ್ರಿಲ್ ಹೋದ ಮೇಲೆ ಎರಡು ವಾರ ಯಾರೂ ಕೂರಲಿಲ್ಲ. 'ಇಲ್ಲಿ ಎಲ್ಲರೂ ಕುಳಿತುಕೊಳ್ಳಬಹುದು' ಎಂದು ನಾನು ಅಂದವಾಗಿ ಬರೆಸಿ ಹಾಕಿದ ಫಲಕವನ್ನು ಓದಿ ಜನ ಮುಂದೆ ಹೋಗುತ್ತಿದ್ದರು. ಕಾಕನನ್ನು ಕೇಳಿದರೆ, "ನಾವು ಕೂರುತ್ತಿದ್ದ ಜಗಲಿಗೆ ಅಪ್ಪಣೆಯ ಬೋರ್ಡು ಯಾಕೆ ಮೇಡಂ?" ಎಂದರು. ಅಪ್ಪಣೆ ಕೊಡುವವರು ಅದನ್ನು ಹಿಂದಕ್ಕೂ ಪಡೆಯಬಲ್ಲರು. ಅದು ಅವರಿಗೆ ಗೊತ್ತಿತ್ತು, ನನಗೆ ಹೊಳೆದಿರಲಿಲ್ಲ. ಬೋರ್ಡು ತೆಗೆದೆವು, ಕುಂಡಗಳನ್ನು ಹಿತ್ತಿಲಿಗೆ ಸಾಗಿಸಿದೆವು, ಒಂದು ಮಣ್ಣಿನ ಹೂಜೆಯಲ್ಲಿ ನೀರಿಟ್ಟು ಗೋಡೆಗೆ ಅಂಗಿ ತೂಗುಹಾಕಲು ನಾಲ್ಕು ಮೊಳೆ ಹೊಡೆದೆವು. ಆ ವಾರವೇ ಮಧ್ಯಾಹ್ನ ಮೂವರು ಕುಳಿತಿದ್ದರು.

ಎಲ್ಲವೂ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ತಿಂಗಳಲ್ಲಿ ಸಂಜೆಯ ಕುಡುಕರು ಬಂದರು. ಸುಣ್ಣದ ಗೋಡೆ ಎಲೆಯಡಿಕೆಯಿಂದ ಕೆಂಪಾಯಿತು. ಒಂದು ರಾತ್ರಿ ಬಾಟಲಿ ಒಡೆದ ಸದ್ದಿಗೆ ನಮ್ಮ ಸಹಾಯಕಿ ಹುಡುಗಿ ಹೊರಗೆ ಬರಲಾಗದೆ ಒಳಗೇ ಉಳಿದು ಮನೆಗೆ ಫೋನ್ ಮಾಡಬೇಕಾಯಿತು. ಮಾಲೀಕರು ಕರೆ ಮಾಡಿ ಖಡಾಖಂಡಿತವಾಗಿ ಹೇಳಿದರು: ಗ್ರಿಲ್ ಹಾಕಿ, ಇಲ್ಲವೇ ಜಾಗ ಖಾಲಿ ಮಾಡಿ.

ಆಗ ನಾವು ಮಾಡಿದ್ದನ್ನು ಈ ಪ್ರಕರಣದ ಎರಡನೆಯ ತಿರುವು ಎನ್ನುತ್ತೇನೆ. ನಾವು ಮೂವರೇ ಕುಳಿತು ನಿರ್ಧರಿಸುವ ಬದಲು ಜಗಲಿಯಲ್ಲಿ ಕೂರುವವರನ್ನೇ ಕರೆದು, ಹೀಗಾಗಿದೆ, ಏನು ಮಾಡೋಣ ಎಂದು ಕೇಳಿದೆವು. ಚಹಾದಂಗಡಿಯ ಅಕ್ಕ ಎರಡೇ ಮಾತಿನಲ್ಲಿ ಮುಗಿಸಿದರು: "ಸೂರಿನ ಕೆಳಗೆ ದೀಪ ಹಾಕಿ. ಕತ್ತಲಿದ್ದಲ್ಲಿ ಕುಡಿಯುತ್ತಾರೆ." ಅಲ್ಲಿಯವರೆಗೆ ನಮ್ಮ ದೀಪಗಳೆಲ್ಲ ಒಳಗೆ, ಚಿತ್ರಗಳ ಮೇಲಿದ್ದವು. ಹೊರಗೆ ಮೂರು ದೀಪ ಹಾಕಿದೆವು. ಅಕ್ಕ ತಮ್ಮ ಬೆಂಚನ್ನು ನಮ್ಮ ಜಗಲಿಯ ಕಡೆ ಸರಿಸಿ ಒಂಬತ್ತರವರೆಗೆ ಅಂಗಡಿ ತೆರೆದಿಡತೊಡಗಿದರು. ಅವರಿಗೂ ವ್ಯಾಪಾರವಾಯಿತು. ಕುಡಿತ ಬಹುಪಾಲು ನಿಂತಿತು. ಉಗುಳುವುದು ನಿಲ್ಲಲಿಲ್ಲ. ತಿಂಗಳಿಗೊಮ್ಮೆ ನಾವೇ ಗೋಡೆ ತಿಕ್ಕಿ ಸುಣ್ಣ ಹೊಡೆಯುತ್ತೇವೆ. ಅದು ಬೇಸರದ ಕೆಲಸ, ನನಗೆ ಆಗಲೂ ಬೇಸರವಿತ್ತು, ಈಗಲೂ ಇದೆ.

ಮಳೆ

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲಕ್ಕೆ ಮುಂಚೆ ಮತ್ತೆ ಮಾತಾಡುವುದೆಂದು ಹೇಳಿಕೊಂಡಿದ್ದೆವು. ಮಾತಾಡಲಿಲ್ಲ. ಜಗಲಿಯ ಉತ್ಸಾಹದಲ್ಲಿ ಮುಂದೂಡಿದೆವು. ಜುಲೈಯಲ್ಲಿ ಒಬ್ಬ ಹಿರಿಯ ಕಲಾವಿದರಿಂದ ಎರವಲು ತಂದ ಕಾಗದದ ರೇಖಾಚಿತ್ರಗಳಲ್ಲಿ ಎರಡಕ್ಕೆ ಬೂಷ್ಟು ಹಿಡಿಯಿತು. ಗಾಳಿಯಾಡುವ ಮಾಡು ಸೆಕೆಗೆ ಒಳ್ಳೆಯದು, ತೇವವನ್ನೂ ಅಷ್ಟೇ ಸುಲಭವಾಗಿ ಒಳಗೆ ಬಿಡುತ್ತದೆ. ತಗಡಿನ ಮರೆಯೂ ಹೋಗಿತ್ತು. ಕಲಾವಿದರ ಮನೆಗೆ ಹೋಗಿ ಕ್ಷಮೆ ಕೇಳಿದೆವು, ಹಣ ತೆತ್ತೆವು. ಅವರು ಕೋಪ ಮಾಡಲಿಲ್ಲ, ಆದರೆ ಮತ್ತೆ ಕೃತಿ ಕೊಡಲಿಲ್ಲ. ವಾಸ್ತುಶಿಲ್ಪಿ ಆ ಅಕ್ಟೋಬರ್‌ನಲ್ಲಿ ಪಾಲುದಾರಿಕೆಯಿಂದ ಹೊರಬಂದರು. ಗ್ರಿಲ್ ತೆಗೆದದ್ದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ಅವರು ಹೇಳಿದ ಮೂರು ಅಪಾಯಗಳಲ್ಲಿ ಮೂರೂ ನಡೆದಿದ್ದವು, ಒಂದಕ್ಕೂ ನಾವು ಮೊದಲೇ ಸಿದ್ಧರಾಗಿರಲಿಲ್ಲ. ಅವರ ಮಾತನ್ನು ವಿರೋಧವೆಂದು ಕೇಳಿದೆವೇ ಹೊರತು ಎಚ್ಚರಿಕೆಯೆಂದು ಕೇಳಲಿಲ್ಲ. ಈ ಮೂರು ವರ್ಷಗಳಲ್ಲಿ ನಾವು ಕಳೆದುಕೊಂಡ ಅತಿ ದೊಡ್ಡದ್ದು ಅವರನ್ನೇ.

ಅದೇ ಹೊತ್ತಿಗೆ ಒಂದು ವ್ಯಾಪಾರಿ ಸಂಸ್ಥೆ ಹವಾನಿಯಂತ್ರಣದ ಖರ್ಚು ಭರಿಸುವುದಾಗಿ ಮುಂದೆ ಬಂತು. ಬದಲಿಗೆ ಮುಂಭಾಗಕ್ಕೆ ಪೂರ್ತಿ ಗಾಜು, ಅದರ ಮೇಲೆ ಅವರ ಹೆಸರು. ಗಾಜು ಬಂದರೆ ಜಗಲಿ ಒಳಗಾಗುತ್ತದೆ. ಬೇಡವೆಂದೆವು.

ಉಳಿದ ದಾರಿ ಒಂದೇ: ಮಳೆಗೆ ಹೆದರುವ ಕೃತಿಗಳನ್ನು ಮಳೆಗಾಲದಲ್ಲಿ ತೂಗುಹಾಕದಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವೂ ಇಲ್ಲ, ಕ್ಯಾನ್ವಾಸೂ ಇಲ್ಲ. ಮಣ್ಣು, ಕಲ್ಲು, ಸುಣ್ಣ, ಹೆಂಚು ಮಾತ್ರ. ಮರು ವರ್ಷದ ಮಳೆಗಾಲದಲ್ಲಿ ಕೆಡವಿದ ಮನೆಗಳ ಹೆಂಚುಗಳನ್ನು ತಂದು, ಮುದ್ರೆ ಕಾಣುವಂತೆ ಅಡಿಮೇಲಾಗಿ, ನೆಲದ ಮೇಲೆ ಒಂದರ ಮೇಲೊಂದು ಮಲಗಿಸಿ ಜೋಡಿಸಿದೆವು. ಸ್ವಲ್ಪ ಭಾಗ ಜಗಲಿಯ ಮೇಲೂ ಇತ್ತು. ಜೋರು ಮಳೆಯ ಮಧ್ಯಾಹ್ನ ಅಲ್ಲಿ ಆಶ್ರಯಕ್ಕೆ ನಿಂತ ಕಾಕ ಅದನ್ನು ನೋಡಿ ತಡೆಯಲಾರದೆ ಹೇಳಿದರು: "ಹೆಂಚನ್ನು ಹೀಗೆ ಮಲಗಿಸಬಾರದು, ಅಡಿಯದ್ದು ಒಡೆಯುತ್ತದೆ. ನಿಲ್ಲಿಸಬೇಕು." ಹೇಳಿ ಸುಮ್ಮನಾಗಲಿಲ್ಲ. ಇಬ್ಬರನ್ನು ಕರೆದು ಜಗಲಿಯದ್ದನ್ನು ಸರಿಪಡಿಸಿದರು. ಒಳಗೂ ಹೀಗೆಯೇ ಇದೆಯೇ ಎಂದು ಕೇಳಿದರು. ಇದೆ ಎಂದೆ. ಒದ್ದೆ ಕಾಲಲ್ಲೇ, ಚಪ್ಪಲಿಯ ಮಾತೆತ್ತದೆ, ಐದಾರು ಮಂದಿ ಒಳಗೆ ಬಂದರು. ಒಂದು ಗಂಟೆ ಹಿಡಿದು ಇಡೀ ಪ್ರದರ್ಶನವನ್ನು ಬೇರೆಯಾಗಿ ಜೋಡಿಸಿದರು. ಹೆಂಚುಗಳು ಅಂಚಿನ ಮೇಲೆ ಸಾಲಾಗಿ ನಿಂತವು, ನಡುವೆ ಒಣಹುಲ್ಲು. ಮುದ್ರೆಗಳನ್ನು ನೋಡುತ್ತಾ ಯಾವ ಕಾರ್ಖಾನೆಯ ಹೆಂಚು ಭಾರ, ಯಾವುದು ಬೇಗ ಒಡೆಯುತ್ತದೆ ಎಂದು ವಾದ ಮಾಡಿಕೊಂಡರು. ಚಿತ್ರಕಾರರು ಮೂಲೆಯಲ್ಲಿ ನಿಂತು ಬರೆದುಕೊಂಡರು, ಆ ಮಾತುಗಳೇ ಮರುದಿನ ಗೋಡೆಯ ಫಲಕಗಳಾದವು.

ನಂತರದ ಮಳೆಗಾಲದಲ್ಲಿ ಜಗಲಿಯ ಗೋಡೆಗೆ ಕಾವಿ ಕಲೆಯ ಕಮ್ಮಟ ಮಾಡಿದೆವು. ಕೆಮ್ಮಣ್ಣಿನ ಪದರದ ಕೆಳಗೆ ಬಿಳಿ ಸುಣ್ಣದ ಗಾರೆ, ಮೊನಚಾದ ಕಡ್ಡಿಯಿಂದ ಕೆರೆದಾಗ ಬಿಳಿ ಗೆರೆ ಮೂಡುತ್ತದೆ. ಗಾರೆ ಹಸಿಯಿರುವಾಗಲೇ ಕೆರೆಯಬೇಕು. ರೇಖಾಚಿತ್ರವನ್ನು ಕೆಡಿಸಿದ ಅದೇ ತೇವ ಇಲ್ಲಿ ನಿಧಾನಕ್ಕೆ ಕಲಿಯುವ ಕೈಗಳಿಗೆ ಸಮಯ ಕೊಟ್ಟಿತು. ಆ ಚಿತ್ರವಿರುವ ಭಾಗದ ಮೇಲೆ ಇದುವರೆಗೆ ಯಾರೂ ಉಗುಳಿಲ್ಲ. ಪಕ್ಕದ ಖಾಲಿ ಭಾಗದ ಮೇಲೆ ಉಗುಳುತ್ತಾರೆ.

ಕೇಳುವವರಿಗೆ ನಾನು ಹೇಳುವುದು

ಹಳೆ ಕಟ್ಟಡ ಹಿಡಿಯುವ ಮುನ್ನ ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಅದರ ಎದುರು ನಿಂತು ನೋಡಿ. ಯಾರು ಕೂರುತ್ತಾರೆ, ಯಾರು ಒರಗುತ್ತಾರೆ, ಯಾರು ಮಳೆಗೆ ನಿಲ್ಲುತ್ತಾರೆ ಎಂದು ಬರೆದುಕೊಳ್ಳಿ. ನಾವು ಗೋಡೆಯನ್ನೂ ಮಾಡನ್ನೂ ಇಂಚಿಂಚು ಅಳೆದೆವು, ಇದನ್ನು ಮಾತ್ರ ಅಳೆಯಲಿಲ್ಲ. ಬೇಡವೆನ್ನುವ ಪಾಲುದಾರರ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಯಾರು, ಯಾವಾಗ, ಏನು ಮಾಡುತ್ತಾರೆ ಎಂದು ಅದರ ಎದುರೇ ಬರೆಯಿರಿ. ಜನರನ್ನು ಪ್ರೇಕ್ಷಕರಾಗಿ ಕರೆದಾಗ ಮರ್ಯಾದೆಗೆ ಬಂದು ಹೋಗುತ್ತಾರೆ. ತಮಗೆ ಗೊತ್ತಿರುವ ಕೆಲಸ ತಪ್ಪಾಗಿ ನಡೆಯುತ್ತಿರುವುದು ಕಂಡರೆ ಕರೆಯದೆಯೂ ಬರುತ್ತಾರೆ.

ಸಂದರ್ಶಕರ ಪುಸ್ತಕದಲ್ಲಿ ಈಗಲೂ ನಮ್ಮ ಬೀದಿಯ ವಿಳಾಸ ಅಪರೂಪ. ಜಗಲಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ಒಳಗೆ ಬರುವುದಿಲ್ಲ. ಮೊದಲು ಅದನ್ನು ಸೋಲೆಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಮೂರನೆಯ ವರ್ಷದ ಕೊನೆಯಲ್ಲಿ ಬಾಡಿಗೆ ಕರಾರು ಹೊಸದು ಮಾಡುವ ದಿನ ಬಂತು. ನಾವು ಒಂದು ಸಾಲು ಸೇರಿಸಬೇಕೆಂದು ಕೇಳಿದೆವು: ಮುಂಭಾಗದ ಜಗಲಿಯನ್ನು ಬಾಡಿಗೆದಾರರು ಗ್ರಿಲ್, ಗಾಜು, ಗೋಡೆ ಯಾವುದರಿಂದಲೂ ಮುಚ್ಚುವಂತಿಲ್ಲ. ಮಾಲೀಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಾಡಿಗೆದಾರರು ಇನ್ನಷ್ಟು ಕೊಡಿ ಎಂದು ಕೇಳುವುದನ್ನು ಕಂಡಿದ್ದೇನೆ. ನೀವು ನಿಮ್ಮ ಕೈಯನ್ನೇ ಕಟ್ಟಿ ಎನ್ನುತ್ತಿದ್ದೀರಲ್ಲ?" ಎಂದರು. ನಾಳೆ ನಾವು ಹೋಗಿ ಬೇರೆಯವರು ಬಂದರೂ ಈ ಸಾಲು ಮುಂದುವರಿಯಲಿ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದರು. ತಮ್ಮ ತಂದೆಯ ಕಾಲದಲ್ಲಿ ಮಧ್ಯಾಹ್ನ ಗೋದಾಮಿನ ಬಾಗಿಲು ತೆರೆಯಬೇಕಾದರೆ ಅಲ್ಲಿ ಮಲಗಿದವರನ್ನು ದಾಟಿಕೊಂಡು ಹೋಗಬೇಕಿತ್ತು ಎಂದು ನೆನಪಿಸಿಕೊಂಡರು. ಬಾಡಿಗೆ ಒಂದು ರೂಪಾಯಿಯೂ ಕಡಿಮೆ ಮಾಡಲಿಲ್ಲ. ಆ ಸಾಲನ್ನು ಮಾತ್ರ ತಮ್ಮ ಕೈಯಾರೆ ಬರೆದು ಸಹಿ ಹಾಕಿದರು.